ಕಂಬಕ್ಕೂ ಸ್ವಲ್ಪ ದುಡ್ಡಿರಲಿ

ಹ್ಯಾಮ್ ರೇಡಿಯೊ ಲೈಸೆನ್ಸ್ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ಸೆಟ್ಟಿನ ಬೆಲೆಯನ್ನು. ಆಂಟೆನಾ ಕಂಬದ ನೆನಪಾಗುವುದು ದುಡ್ಡು ಮುಗಿದ ಮೇಲೆ!

ದಾವಣಗೆರೆಯೊಳಗಿನ ಗೆಳೆಯರ ಜತೆ 2 ಮೀಟರ್ ಬ್ಯಾಂಡಿನಲ್ಲಿ ಮಾತಾಡಲು ತಾರಸಿಯ ಮೇಲೊಂದು ಜಿಐ ಪೈಪು ಸಾಕು. 7 ಮೆಗಾಹರ್ಟ್ಸ್‌ನಲ್ಲಿ ದೂರದೂರುಗಳನ್ನು ಹಿಡಿಯಬೇಕೆಂದರೆ ಸುಮಾರು 20 ಮೀಟರ್ ತಂತಿ ಬೇಕು. ಅದರ ನಡುವನ್ನು 9–10 ಮೀಟರ್ ಎತ್ತರಕ್ಕೇರಿಸಿ ತುದಿಗಳನ್ನು ಎರಡೂ ಕಡೆ ಇಳಿಬಿಟ್ಟರೆ ಒಂದೇ ಕಂಬದಲ್ಲಿ ಕೆಲಸ ಮುಗಿಯಿತು. ಹಿತ್ತಲು ಎರೆಮಣ್ಣಿನದಾದರೆ ಹುಷಾರು: ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಗೂಟಗಳನ್ನು ಸಡಿಲಿಸುತ್ತದೆ. ಎಳೆಹಗ್ಗಗಳನ್ನು ಆಗಾಗ ಬಿಗಿಯಿರಿ.

ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಸೆಟ್ಟು ಹೊತ್ತು ಹೋಗುವವರಿಗೆ ಒಂದರೊಳಗೊಂದು ಸೇರುವ ಫೈಬರ್‌ಗ್ಲಾಸ್ ಗಳವೇ ಸರಿ. ಕಾರ್ಬನ್ ಫೈಬರ್ ಇನ್ನೂ ಹಗುರ, ಆದರೆ ವಿದ್ಯುತ್ ಹರಿಸುವುದರಿಂದ ತಂತಿ ಆಂಟೆನಾದ ಹದ ಕೆಡಿಸುತ್ತದೆ. ಬಿದಿರಿನಲ್ಲೂ ಮೋಸವಿಲ್ಲ, ಬಸ್ಸಿಗೆ ಹತ್ತಿಸುವುದು ಕಷ್ಟ ಅಷ್ಟೆ. ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಗಳಿಗೆ ಮರಳು ತುಂಬಿ ಹಗ್ಗವನ್ನು ಅವಕ್ಕೇ ಕಟ್ಟಿ.

ಎಲ್ಲೇ ನಿಲ್ಲಿಸಿ, ಕಂಬ ಉರುಳಿದರೂ ಕರೆಂಟಿನ ತಂತಿಗೆ ತಾಗದಷ್ಟು ದೂರವಿರಲಿ. ಲೋಹದ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಆಕಾಶ ಕಪ್ಪಾಗುವ ಮೊದಲೇ ಸೆಟ್ಟಿನಿಂದ ಕೇಬಲ್ ಕಳಚಿಬಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲೂ ಹೋಗಬೇಡಿ.