ಹಾವನೂರರ ಅಳತೆಗೋಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ — ಮೈಸೂರು ಜಿಲ್ಲೆಯ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಕ್ಕಲು ಮಕ್ಕಳೊಡನೆ ಮಡಕೆ ಮಾಡುವವರು, ಬಟ್ಟೆ ಮಡಿಮಾಡುವವರು, ಕ್ಷೌರಿಕರು, ಮೀನುಗಾರರು ತಲೆತಲಾಂತರದಿಂದ ಬಾಳಿ ಬಂದಿದ್ದಾರೆ. ಇವರ ದುಡಿಮೆಯಿಲ್ಲದೆ ಊರಿನ ಬದುಕು ಸಾಗದು. ಆದರೂ ಇವರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದುದು ಬಹಳ ತಡವಾಗಿ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಗಳಾದರು. ಅದೇ ವರ್ಷ ಅವರ ಸರ್ಕಾರ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿ, ರಾಣೆಬೆನ್ನೂರಿನಲ್ಲಿ ಜನಿಸಿದ ವಕೀಲ ಎಲ್. ಜಿ. ಹಾವನೂರರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಈ ಕೆಲಸಕ್ಕೆ ಕಾನೂನು ಬಲ್ಲವರೇ ಬೇಕಾಗಿದ್ದರೆಂಬುದಕ್ಕೆ ಹಿಂದಿನ ಮೊಕದ್ದಮೆಯೊಂದು ಸಾಕ್ಷಿ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನಗಳನ್ನು ಮೀಸಲಿರಿಸಿದ್ದ ಮೈಸೂರು ಸರ್ಕಾರದ ಆಜ್ಞೆಯನ್ನು ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ರದ್ದುಪಡಿಸಿತ್ತು. ಕೇವಲ ಜಾತಿಯ ಹೆಸರು ಸಾಲದು. ವಿದ್ಯೆಯಲ್ಲಿ ರಾಜ್ಯದ ಸರಾಸರಿಗೆ ತುಸುವೇ ಕೆಳಗಿರುವವರನ್ನು ಹಿಂದುಳಿದವರೆನ್ನಲಾಗದು, ಬಹಳ ಕೆಳಗಿರುವವರನ್ನು ಮಾತ್ರ ಹಾಗೆನ್ನಬಹುದು ಎಂಬುದು ನ್ಯಾಯಾಲಯದ ಅಭಿಪ್ರಾಯ. ಅನ್ಯಾಯವಾಗಿದೆ ಎಂದು ಸಾರಿದರೆ ಸಾಲದು, ಅದನ್ನು ಅಳೆದು ತೋರಿಸಬೇಕಾಗಿತ್ತು.

ಹಾವನೂರರು ಹಿಡಿದ ಅಳತೆಗೋಲು, ವಿದ್ಯಾರ್ಥಿಗಳೇ, ನೀವು ಮುಂದಿನ ವರ್ಷ ಬರೆಯಲಿರುವಂಥ ಪರೀಕ್ಷೆಯೇ! 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಂದೊಂದು ಸಮುದಾಯದಿಂದ ಎಷ್ಟು ಮಂದಿ ತೇರ್ಗಡೆಯಾದರೆಂದು ಆಯೋಗ ಲೆಕ್ಕಹಾಕಿತು. ಸಾವಿರ ಜನಸಂಖ್ಯೆಗೆ ರಾಜ್ಯದ ಸರಾಸರಿ 1.69. ಅದಕ್ಕಿಂತ ಕೆಳಗಿದ್ದು, ಅದರ ಅರ್ಧಕ್ಕಿಂತ ಮೇಲಿದ್ದವರು ‘ಹಿಂದುಳಿದ ಸಮುದಾಯ’ಗಳು, ಅರ್ಧವನ್ನೂ ಮುಟ್ಟದವರು ‘ಹಿಂದುಳಿದ ಜಾತಿ’ಗಳು, ಅಲೆಮಾರಿಗಳು ಮೊದಲಾದವರು ‘ಹಿಂದುಳಿದ ಬುಡಕಟ್ಟು’ಗಳು. ಅರ್ಧದ ಬಳಿ ಎಳೆದ ಈ ಗೆರೆಯಲ್ಲಿ ಬಾಲಾಜಿ ತೀರ್ಪನ್ನು ಓದಿದ ವಕೀಲನ ಕೈ ಕಾಣುತ್ತದೆ. ಮೊದಲನೆಯ ಗುಂಪು ಮಾತ್ರ ಆ ತೀರ್ಪಿನ ಮಾತಿಗೆ ಪೂರ್ತಿ ಹೊಂದುವುದಿಲ್ಲವೆಂದೇ ನನಗೆ ತೋರುತ್ತದೆ.

ವರದಿ 1975ರಲ್ಲಿ ಹೊರಬಂದಿತು. ಲಿಂಗಾಯತರನ್ನು ಪಟ್ಟಿಯಿಂದ ಕೈಬಿಟ್ಟುದಕ್ಕಾಗಿ ತೀವ್ರ ವಿರೋಧವೆದ್ದಿತು. 1977ರಲ್ಲಿ ಸರ್ಕಾರ ವರದಿಯನ್ನು ಕೆಲವು ಬದಲಾವಣೆಗಳೊಡನೆ ಜಾರಿಗೆ ತಂದಾಗ ವಾದ ನ್ಯಾಯಾಲಯಕ್ಕೇರಿತು. 1985ರ ವಸಂತಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಐದು ಬೇರೆ ಬೇರೆ ಅಭಿಪ್ರಾಯಗಳನ್ನು ಬರೆದರು. ಬಡತನವೇ ಆಧಾರವಾಗಲಿ ಎಂದವರು ಡಿ. ಎ. ದೇಸಾಯಿ, ಜಾತಿಯೂ ಬಡತನವೂ ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಕಂಡವರು ಓ. ಚಿನ್ನಪ್ಪ ರೆಡ್ಡಿ. ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯಲ್ಲಿ ಜನಿಸಿದ ಇ. ಎಸ್. ವೆಂಕಟರಾಮಯ್ಯನವರೂ ಆ ಪೀಠದಲ್ಲಿದ್ದರು. ಒಂದೇ ಸಂವಿಧಾನವನ್ನು ಓದಿದ ಪಂಡಿತರಲ್ಲಿಯೇ ಇಷ್ಟು ಭಿನ್ನತೆ! ಅದು ನಾಚಿಕೆಯ ಸಂಗತಿಯಲ್ಲ. ಆ ಐದು ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದವನಿಗೆ ಪ್ರಶ್ನೆಯ ಆಳ ತಿಳಿಯುತ್ತದೆ.

ನಿವೃತ್ತರಾದ ಮೇಲೆ ಚಿನ್ನಪ್ಪ ರೆಡ್ಡಿಯವರೇ ಕರ್ನಾಟಕದ ಇನ್ನೊಂದು ಆಯೋಗದ ಹೊಣೆ ಹೊತ್ತು 1990ರಲ್ಲಿ ವರದಿ ಕೊಟ್ಟರು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯ ಪೀಠವು, ಹಿಂದುಳಿದವರನ್ನು ಗುರುತಿಸಲು ಜಾತಿಯಿಂದ ಆರಂಭಿಸಬಹುದು, ಆದರೆ ಅವರಲ್ಲಿ ಮುಂದುವರಿದ ‘ಕೆನೆಪದರ’ವನ್ನು ಹೊರಗಿಡಬೇಕು ಎಂದು ಬಹುಮತದಿಂದ ತೀರ್ಪಿತ್ತಿತು.