ಟೋಕನ್ ಹಾಕುವ ಮುನ್ನ: ಹೈದರಾಬಾದಿನಲ್ಲಿ ಬಾಡಿಗೆ ಮನೆ ಹಿಡಿಯುವವರಿಗೆ

‘ಎಂತ ಮಂದಿ ಉಂಟಾರು?’ (ಎಷ್ಟು ಜನ ಇರುತ್ತೀರಿ?) ‘ಏ ಕಂಪನಿ?’ ‘ವೆಜ್ಜಾ, ನಾನ್‌ವೆಜ್ಜಾ?’ ‘ಇಂಟಿ ಪೇರು ಏಮಿಟಿ?’ ಕೊಂಡಾಪುರವಿರಲಿ, ಕೂಕಟ್‌ಪಲ್ಲಿಯಿರಲಿ, ಮನೆ ನೋಡಲು ಹೋದ ಕನ್ನಡಿಗನಿಗೆ ಎದುರಾಗುವ ಅರ್ಜಿ ನಮೂನೆ ಇಷ್ಟೇ. ಕೊನೆಯ ಪ್ರಶ್ನೆಯಲ್ಲಿ ಕೇಳುತ್ತಿರುವುದು ಮನೆತನದ ಹೆಸರು, ತಿಳಿಯಬೇಕಾಗಿರುವುದು ಜಾತಿ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ಲಾಗಿ ಇಟ್ಟುಕೊಂಡ ನಮ್ಮವರ ಉತ್ತರದಿಂದ ಓನರಿಗೆ ಏನೂ ಹೊಳೆಯುವುದಿಲ್ಲ. ಆಗ ಇನ್ನೆರಡು ಪ್ರಶ್ನೆ ಬರುತ್ತವೆ.

ಅಮೆರಿಕದಲ್ಲಿ ಮನೆ ಬೇಕೆಂದರೆ ಅರ್ಜಿ ತುಂಬಬೇಕು, ಶುಲ್ಕ ಕಟ್ಟಬೇಕು, ಸಾಲದ ಚರಿತ್ರೆ ತೋರಿಸಬೇಕು, ಒಪ್ಪಿಗೆಗೆ ಕಾಯಬೇಕು. ಇಲ್ಲಿ ಒಪ್ಪಿಗೆಯೆಂದರೆ ಓನರ್ ಫೋನಿನಲ್ಲಿ ‘ಸರೇ, ಟೋಕನ್ ವೇಯಂಡಿ’ (ಸರಿ, ಮನೆ ಹಿಡಿದಿಡಲು ಟೋಕನ್ ದುಡ್ಡು ಹಾಕಿ) ಅನ್ನುವುದು. ಆ ಮಾತು ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಕಾನೂನು ಬಹುಪಾಲು ಓನರನ ಇಷ್ಟಕ್ಕೆ ಬಿಟ್ಟಿದೆ. ಹಾಗಾಗಿ ಬಾಡಿಗೆಗೆ ಬರುವವನಿಗೆ ಚೌಕಾಸಿಯ ಬಲ ಇರುವುದು ದುಡ್ಡು ಅವನ ಕೈ ಬಿಡುವವರೆಗೆ ಮಾತ್ರ. ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಆ ಅವಧಿಯ ಬಗ್ಗೆ.

ಬಾಡಿಗೆ ನಿಯಂತ್ರಣ ಕಾಯ್ದೆ ಇದೆಯಲ್ಲ ಎನ್ನಬಹುದು. ಇದೆ, 1960ರದ್ದು. ಅದರ ಪ್ರಕಾರ ಓನರ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಆದರೆ 2005ರ ತಿದ್ದುಪಡಿ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಇವತ್ತು ಆ ಮೊತ್ತಕ್ಕೆ ಪಿಜಿಯಲ್ಲಿ ಒಂದು ಮಂಚವೂ ಕಷ್ಟ. ಅಂದರೆ ನೀವು ಹಿಡಿಯುವ ಫ್ಲಾಟಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸಿನ ಮಿತಿ ಇರುವುದು ನಿಜ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ತನ್ನದಾಗಿಸಿಕೊಂಡರೆ ಮಾತ್ರ ಬಲ. ಹೈದರಾಬಾದಿನ ರೂಢಿಯೇ ಎರಡು ಮೂರು ತಿಂಗಳ ಅಡ್ವಾನ್ಸ್. ಹತ್ತು ತಿಂಗಳದ್ದು ಎಣಿಸಿಕೊಟ್ಟು ಬಂದ ಬೆಂಗಳೂರಿನವರಿಗೆ ಇದು ಹಬ್ಬ.

ಮನೆ ಕೊಡುವುದಿಲ್ಲ ಎಂದರೆ ಏನು ಮಾಡಬಹುದು? ಬ್ರಹ್ಮಚಾರಿಗಳಿಗೆ, ಒಂಟಿ ಹೆಣ್ಣುಮಕ್ಕಳಿಗೆ, ಮಾಂಸ ತಿನ್ನುವವರಿಗೆ ಕೊಡುವುದಿಲ್ಲ ಎಂಬುದನ್ನು ನೇರವಾಗಿ ತಡೆಯುವ ಕಾನೂನಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಗ್ಗೆ ಹೇಳುತ್ತದೆ. ಖಾಸಗಿ ಮನೆಯ ಬಾಗಿಲಿನವರೆಗೆ ಬರುವುದಿಲ್ಲ. ಹಾಗಂತ ಓನರನ ಸ್ವಾತಂತ್ರ್ಯಕ್ಕೆ ಎಲ್ಲೆಯೇ ಇಲ್ಲವೆಂದಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಹಿಡಿದು ವಾಸಿಸುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಚ್‌ಐವಿ ಇದೆ ಎಂದು ಮನೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸುತ್ತದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ನಿರಾಕರಿಸುವುದನ್ನು 2019ರ ಕಾಯ್ದೆ. ಈ ಎರಡರಲ್ಲೂ ‘ಬಾಡಿಗೆ’ ಎಂಬುದನ್ನು ಹೆಸರಿಟ್ಟೇ ಬರೆದಿದ್ದಾರೆ. ತೊಡಕಿರುವುದು ಸಾಕ್ಷ್ಯದಲ್ಲಿ. ‘ಆಲ್ರೆಡಿ ಕೊಟ್ಟಾಯಿತು’ ಎಂದು ನಗುತ್ತಾ ಹೇಳಿದವರ ಮನಸ್ಸಿನಲ್ಲಿ ಏನಿತ್ತೆಂದು ತೋರಿಸುವುದು ಹೇಗೆ? ನಿಜವಾದ ಕಾರಣವನ್ನು ವಾಟ್ಸಾಪಿನಲ್ಲಿ ಬರೆದುಬಿಟ್ಟಿದ್ದರೆ ಆ ಸಂದೇಶವನ್ನು ಅಳಿಸಬೇಡಿ.

ಓನರ್ ನಿಮ್ಮನ್ನು ವಿಚಾರಿಸಿದಂತೆ ನೀವೂ ಓನರನ್ನು ವಿಚಾರಿಸಬೇಕು. ಸಂಕೋಚದ ಮಾತೇ ಇಲ್ಲ. ಮನೆಯ ಆಸ್ತಿ ತೆರಿಗೆ ಗುರುತಿನ ಸಂಖ್ಯೆ, ಅಂದರೆ ಪಿಟಿಐಎನ್ ಕೇಳಿ. ಪಾಲಿಕೆಯ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿ ತೆರಿಗೆ ಇದೆಯೆಂದು ಕಾಣುತ್ತದೆ. ಕರೆಂಟ್ ಬಿಲ್ಲಿನ ಮೇಲೆ ಯುಎಸ್‌ಸಿ ನಂಬರ್ ಇರುತ್ತದೆ. ಅದರಿಂದ ಹೆಸರಿನ ಜೊತೆ ಹಳೆಯ ಬಾಕಿಯೂ ಗೊತ್ತಾಗುತ್ತದೆ. ಹಿಂದಿನ ಬಾಡಿಗೆದಾರನ ಬಾಕಿ ನಿಮ್ಮ ತಲೆಗೆ ಬರದಿರಲು ಇದು ಬೇಕು. ಎರಡೂ ಹೆಸರು ತಾಳೆಯಾಗಿ, ಅದೇ ಹೆಸರಿನ ಬ್ಯಾಂಕ್ ಖಾತೆಗೆ ದುಡ್ಡು ಹೋಗುವುದಾದರೆ ಅರ್ಧ ಚಿಂತೆ ಕಳೆಯಿತು. ‘ನಾನು ಮಿಲಿಟರಿಯಲ್ಲಿದ್ದೇನೆ, ಮನೆ ತೋರಿಸಲು ಆಗದು, ಗೇಟ್‌ಪಾಸಿಗೆ ಸ್ವಲ್ಪ ಹಾಕಿ’ ಎಂದು ಕ್ಯೂಆರ್ ಕೋಡ್ ಕಳಿಸುವವರಿದ್ದಾರೆ. ಮನೆ ನೋಡಲಿಕ್ಕೇ ದುಡ್ಡು ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ಆಗಲೇ ಕಳಿಸಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈ ಊರಿನ ಇನ್ನೊಂದು ವಿಶೇಷ, ಅಮೆರಿಕದಲ್ಲಿರುವ ಓನರುಗಳು. ಕೀಲಿ ವಾಚ್‌ಮನ್ ಹತ್ತಿರ, ಮಾತು ಮಾವನ ಹತ್ತಿರ, ಸಹಿ ಯಾರದೋ. ಸಹಿ ಹಾಕುವವರ ಬಳಿ ಅಧಿಕಾರ ಪತ್ರ ಇದೆಯೇ, ಅದರಲ್ಲಿ ಬಾಡಿಗೆಗೆ ಕೊಡುವ ಅಧಿಕಾರ ಬರೆದಿದೆಯೇ ನೋಡಿ, ಪ್ರತಿ ಇಟ್ಟುಕೊಳ್ಳಿ. ಅನಿವಾಸಿ ಓನರಿಗೆ ಬಾಡಿಗೆ ಕೊಡುವಾಗ ಮೂಲದಲ್ಲೇ ತೆರಿಗೆ ಮುರಿದು ಕಟ್ಟುವ ಹೊಣೆ ಬಾಡಿಗೆದಾರನದು. ತಿಂಗಳಿಗೆ 50,000 ದಾಟಿದರೆ ಮಾತ್ರ ಎಂಬ ನಿಯಮ ಇಲ್ಲೇ ಇರುವ ಓನರುಗಳಿಗೆ. ಅನಿವಾಸಿಗೆ ಆ ರಿಯಾಯಿತಿ ಇಲ್ಲ. ಬಾಡಿಗೆ ಮಾತಾಡುವಾಗಲೇ ಇದನ್ನು ಹೇಳಿಬಿಡಿ. ಆಮೇಲೆ ಮುರಿದುಕೊಂಡರೆ ಜಗಳ, ಮುರಿಯದಿದ್ದರೆ ನೋಟಿಸು ಬರುವುದು ನಿಮಗೆ.

ಇನ್ನು ನಿಮ್ಮ ಕಾಗದಪತ್ರ. ಆಧಾರ್, ಪ್ಯಾನ್, ಕಂಪನಿ ಗುರುತಿನ ಚೀಟಿ, ಕೆಲವರು ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಆಧಾರಿನ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣವೇ ಕೊಡುತ್ತದೆ, ಅದು ಸಾಕು. ಖಾಸಗಿಯವರು ಆಧಾರ್ ಬೇಕೇ ಬೇಕೆಂದು ಪಟ್ಟು ಹಿಡಿಯುವುದಕ್ಕೆ ಕಡಿವಾಣ ಹಾಕಿದ್ದು ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 26ರ ತೀರ್ಪು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪ್ರತಿಯ ಮೇಲೆ ಅಡ್ಡಲಾಗಿ ‘ಬಾಡಿಗೆ ಕರಾರಿಗಾಗಿ ಮಾತ್ರ’ ಎಂದು ಬರೆದು ದಿನಾಂಕ ಹಾಕಿ. ಪೊಲೀಸ್ ಪರಿಶೀಲನೆಯ ಫಾರಂ ಬಂದರೆ ತುಂಬಿಕೊಡಿ, ನಿಮಗೊಂದು ಪ್ರತಿ ಇರಲಿ. ಅದು ಪೊಲೀಸರು ನಿಮಗೆ ಕೊಡುವ ಒಪ್ಪಿಗೆಯಲ್ಲ. ಮನೆಯಲ್ಲಿ ಯಾರಿದ್ದಾರೆಂದು ಠಾಣೆಗೆ ತಿಳಿಸುವುದು, ಅಷ್ಟೇ.

ಈಗ ಟೋಕನ್. ಐದೋ ಹತ್ತೋ ಸಾವಿರ ಫೋನ್‌ಪೇಯಲ್ಲಿ ಹೋಗುತ್ತದೆ, ಹಿಂದೆ ಕಾಗದವಿರುವುದಿಲ್ಲ. ಮರುದಿನ ಓನರನ ಮನಸ್ಸು ಬದಲಾದರೆ? ಅಥವಾ ನಿಮ್ಮ ಕಂಪನಿಯೇ ನಿಮ್ಮನ್ನು ಪುಣೆಗೆ ಅಟ್ಟಿದರೆ? ದುಡ್ಡು ಹಾಕುವ ಮೊದಲೇ ಒಂದು ಸಂದೇಶ ಕಳಿಸಿ: ‘ಫ್ಲಾಟ್ ನಂಬರ್ ಇಂಥದ್ದು, ಬಾಡಿಗೆ ಇಷ್ಟು, ಮೇಂಟೆನೆನ್ಸ್ ಇಷ್ಟು, ಅಡ್ವಾನ್ಸ್ ಇಷ್ಟು, ಇಂಥ ತಾರೀಖಿಗೆ ಕೀಲಿ. ಈಗ ಹಾಕುವ ಟೋಕನ್ ಅಡ್ವಾನ್ಸಿನಲ್ಲಿ ಸೇರುತ್ತದೆ. ನೀವು ಕೊಡದಿದ್ದರೆ ಪೂರ್ತಿ ವಾಪಸ್. ನಾವು ಬರದಿದ್ದರೆ ಇಷ್ಟು ಮಾತ್ರ ಕಡಿತ.’ ಓನರ್ ‘ಓಕೆ’ ಎಂದ ಮೇಲೆ ದುಡ್ಡು ಹಾಕಿ. ಇಂಗ್ಲಿಷಿನಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ. 1872ರ ಕರಾರು ಕಾಯ್ದೆಗೆ ಛಾಪಾ ಕಾಗದವೇ ಬೇಕೆಂದೇನಿಲ್ಲ. ಯಾರು ಯಾವುದಕ್ಕೆ ಒಪ್ಪಿದರು ಎಂಬುದು ತಿಳಿದರಾಯಿತು. ಬ್ರೋಕರ್ ಕಮಿಷನ್ ಎಷ್ಟು, ಯಾವಾಗ ಎಂಬುದನ್ನೂ ಬರೆಸಿಕೊಳ್ಳಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯೆಂದು ನೆಚ್ಚಬೇಡಿ, ಅದು ಮಾರಾಟ ಮಾಡಿಸುವ ಏಜೆಂಟರಿಗೆ.

ನೀರಿನ ಬಗ್ಗೆ ಈ ಹಂತದಲ್ಲೇ ಕೇಳಬೇಕು. ‘ಮಂಜೀರಾ ನೀರು ಬರುತ್ತದೆ’ ಎಂದರೆ ಎಷ್ಟು ದಿನಕ್ಕೊಮ್ಮೆ, ಬೋರ್ ಬತ್ತಿದರೆ ಟ್ಯಾಂಕರ್ ದುಡ್ಡು ಯಾರದು ಎಂದು ಕೇಳಿ. ಏಪ್ರಿಲ್‌ನಲ್ಲಿ ಮೇಂಟೆನೆನ್ಸ್ ಏರುವುದು ಟ್ಯಾಂಕರಿನಿಂದಲೇ. (ಮಂಜೀರಾ ಬೀದರ್ ಜಿಲ್ಲೆಯಲ್ಲಿ ಹರಿದು ಬರುವ ನದಿ ಎಂದು ಓನರಿಗೆ ಹೇಳಿ ನೋಡಿ, ಸಲುಗೆ ಬೆಳೆದರೂ ಬೆಳೆಯಬಹುದು.) ಮೇಲುನೋಟಕ್ಕೆ ಕಾಣದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಓನರ್ ಮೊದಲೇ ಹೇಳಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ.

ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ವರ್ಷ ಮೀರಿದ ಕರಾರನ್ನಂತೂ ನೋಂದಾಯಿಸಲೇಬೇಕು. ನೋಟರಿ ಮುದ್ರೆ ನೋಂದಣಿಗೆ ಸಮನಲ್ಲ. ಮೂರು ವರ್ಷದ ಕರಾರನ್ನು ನೋಂದಾಯಿಸದೆ ಇಟ್ಟುಕೊಂಡರೆ ಅದರ ಷರತ್ತುಗಳು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನಿಮ್ಮದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ, 15 ದಿನದ ನೋಟಿಸು ಕೊಟ್ಟರೆ ಮುಗಿಯಿತು. ನಾವು ಓದದೆ ಸಹಿ ಹಾಕುವ ಸಾಲುಗಳು ಹೆಚ್ಚಾಗಿ ಕೊನೆಯ ಪುಟದಲ್ಲಿರುತ್ತವೆ: ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿಯುವುದು, ಆರು ತಿಂಗಳ ಲಾಕ್-ಇನ್, ಬಾಡಿಗೆದಾರ ಎರಡು ತಿಂಗಳು ಮೊದಲು ಹೇಳಬೇಕು ಆದರೆ ಓನರ್ ಒಂದೇ ತಿಂಗಳು. ಎರಡೂ ಕಡೆಗೆ ಒಂದೇ ಅವಧಿ ಬರೆಸಿ. ಅಡ್ವಾನ್ಸ್ ವಾಪಸಿಗೆ ‘ಕೀಲಿ ಕೊಟ್ಟ ದಿನವೇ’ ಎಂದು ಬರೆಸಿ. ಕೀಲಿ ಪಡೆದ ದಿನ ಗೋಡೆ, ನಲ್ಲಿ, ಗೀಸರ್, ಮೀಟರ್ ರೀಡಿಂಗಿನ ಫೋಟೊ ತೆಗೆದು ಓನರಿಗೆ ಕಳಿಸಿ. ಪೇಂಟಿಂಗ್ ಜಗಳ ಅಲ್ಲಿಗೇ ಅರ್ಧ ಬಗೆಹರಿಯುತ್ತದೆ.

ಸಹಿಯಾದ ಮೇಲೆ ನಿಮ್ಮ ಸ್ಥಾನ ಬೇರೆ. ಓನರ್ ಬೀಗ ಬದಲಿಸಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಬಹುದು. ಟೋಕನ್ ಅಥವಾ ಅಡ್ವಾನ್ಸಿನಂಥ ಮೊತ್ತಕ್ಕೆ ವಕೀಲರ ನೋಟಿಸು ಮೊದಲು, ಆಮೇಲೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವು, ಸಹಾಯವಾಣಿ 15100. ಎಲ್ಲಿಗೆ ಹೋಗಬೇಕೆಂಬುದು ಮನೆ ಇರುವ ಜಾಗದ ಮೇಲೆ ನಿಂತಿದೆ: ಕಾಚಿಗುಡ ಹೈದರಾಬಾದ್ ಜಿಲ್ಲೆ, ಗಚ್ಚಿಬೌಲಿ ಮತ್ತು ಕೊಂಡಾಪುರ ರಂಗಾರೆಡ್ಡಿ, ಕೂಕಟ್‌ಪಲ್ಲಿ ಮೇಡ್ಚಲ್-ಮಲ್ಕಾಜಗಿರಿ. ವಿಳಾಸದಲ್ಲಿ ಎಲ್ಲವೂ ‘ಹೈದರಾಬಾದ್’ ಎಂದೇ ಇರುತ್ತದೆ, ಆದ್ದರಿಂದ ಕರಾರಿನಲ್ಲಿ ಜಿಲ್ಲೆ, ಮಂಡಲದ ಹೆಸರು ಸರಿಯಾಗಿ ಬರೆಸಿಕೊಳ್ಳಿ.