ಕಪ್ಪು ಟೊಮೆಟೊ: ಬಣ್ಣ ಬಂದೊಡನೆ ಹಣ್ಣಲ್ಲ

ಕಳೆದ ಚಳಿಗಾಲದಲ್ಲಿ ಮಧುಮೇಹವಿರುವ ಹಿರಿಯರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದು, ಚೀಲದಿಂದ ನೇರಳೆಹಣ್ಣಿನಂತೆ ಕಪ್ಪಾದ ನಾಲ್ಕು ಟೊಮೆಟೊಗಳನ್ನು ತೆಗೆದು ಮೇಜಿನ ಮೇಲಿಟ್ಟರು. ತಾವೇ ಬೀಜ ತರಿಸಿ ಬೆಳೆದವಂತೆ. "ದಿನಾ ಎರಡು ತಿನ್ನುತ್ತೇನೆ ಡಾಕ್ಟರೇ, ಗುಳಿಗೆ ಬಿಟ್ಟು ಹದಿನೈದು ದಿನವಾಯಿತು" ಎಂದರು. ಪರೀಕ್ಷಿಸಿದರೆ ಉಪವಾಸದ ಸಕ್ಕರೆಯೇ 240 ದಾಟಿತ್ತು. ಒಂದನ್ನು ಹೆಚ್ಚಿ ನೋಡಿದೆ, ಒಳಗೆಲ್ಲ ಹಸಿರು. ಅವರು ಅಷ್ಟು ದಿನ ತಿಂದದ್ದು ಹಣ್ಣನ್ನಲ್ಲ, ಕಾಯಿಯನ್ನು.

'ಇಂಡಿಗೋ ರೋಸ್' ಎಂಬ ಈ ತಳಿಯನ್ನು ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯವು 2012ರಲ್ಲಿ ಬಿಡುಗಡೆ ಮಾಡಿತು. ದಕ್ಷಿಣ ಅಮೆರಿಕದ ಚಿಲಿ ಮತ್ತು ಗ್ಯಾಲಪಗೋಸ್ ದ್ವೀಪಗಳ ಕಾಡು ಟೊಮೆಟೊಗಳ ಗುಣವನ್ನು ಸಾಂಪ್ರದಾಯಿಕ ಸಂಕರಣದಿಂದ ಪಡೆದ ತಳಿಯಿದು. ಸಿಪ್ಪೆಗೆ ಕಪ್ಪು ಕೊಡುವುದು ಆಂಥೋಸಯಾನಿನ್. ನೇರಳೆಹಣ್ಣಿನಲ್ಲಿಯೂ ಬದನೆಯ ಸಿಪ್ಪೆಯಲ್ಲಿಯೂ ಇರುವುದು ಇದೇ ಬಳಗದ ವರ್ಣದ್ರವ್ಯ. ಬಿಸಿಲು ತಾಗಿದೆಡೆಯಲ್ಲಿ ಮಾತ್ರ ಅದು ಗಾಢವಾಗಿ ಮೂಡುತ್ತದೆ. ತೊಟ್ಟಿನ ಬಳಿಯ ಹಸಿರು ಎಸಳುಗಳನ್ನು ಮೆಲ್ಲನೆ ಎತ್ತಿದರೆ, ಅವು ಮುಚ್ಚಿದ್ದ ಜಾಗದಲ್ಲಿ ನಕ್ಷತ್ರಾಕಾರದ ತಿಳಿ ಗುರುತು ಕಾಣುವುದು. ಮನೆಯ ಮಕ್ಕಳಿಗೆ ಅವಶ್ಯ ತೋರಿಸಿರಿ.

ಕಾಯಿ ಸಣ್ಣದಿರುವಾಗಲೇ ಕಪ್ಪಾಗತೊಡಗುವುದರಿಂದ ಬಣ್ಣವನ್ನು ನಂಬಿ ಕೀಳುವಂತಿಲ್ಲ. ಮಾಗಿದಾಗ ಸಿಪ್ಪೆಯ ಹೊಳಪು ಮಾಸುತ್ತದೆ, ಹಿಡಿದರೆ ತುಸು ಮೆತ್ತಗಾಗಿರುತ್ತದೆ, ನೆರಳಲ್ಲಿದ್ದ ತಳಭಾಗವು ಹಸಿರು ಕಳೆದು ಕೆಂಪಾಗುತ್ತದೆ. ತಳವನ್ನು ನೋಡಿಯೇ ಕೊಯ್ಯಬೇಕು. ಎಳೆಗಾಯಿಯಲ್ಲಿ ಹೆಚ್ಚಾಗಿರುವ ಟೊಮಾಟಿನ್ ಎಂಬ ಕಹಿ ಅಂಶವೂ ಮಾಗಿದಂತೆ ಇಳಿಯುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಬಿತ್ತನೆಗೆ ಒಳ್ಳೆಯ ಕಾಲ. ಹಗಲಿನ ಉಷ್ಣತೆ 35 ಡಿಗ್ರಿ ಮೀರಿದರೆ ಹೂ ಉದುರುತ್ತದೆ. ಬೇಸಿಗೆಯಲ್ಲಿ ಬಿಳಿ ನೊಣದಿಂದ ಹರಡುವ ಎಲೆ ಮುಟುರು ರೋಗದ ಕಾಟ ಬೇರೆ. ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿಗಳ ಮಿಶ್ರಣದಲ್ಲಿ ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿಟ್ಟು ತೇವ ಕಾಯ್ದರೆ ವಾರ–ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಸುಮಾರು ಒಂದು ತಿಂಗಳ ಸಸಿಯನ್ನು ಕಾಂಡದ ಕೆಳಭಾಗ ಮಣ್ಣಿನಲ್ಲಿ ಹುದುಗುವಂತೆ ನಾಟಿ ಮಾಡಿರಿ. ಹುದುಗಿದ ಕಾಂಡದಿಂದಲೂ ಬೇರೊಡೆಯುತ್ತದೆ. ಆಸರೆಗೆ ಕೋಲು ಬೇಕು. ನೀರನ್ನು ಬುಡಕ್ಕೆ, ಒಂದೇ ಹದದಲ್ಲಿ ಕೊಡಬೇಕು; ಒಣಗಿಸಿ ಒಮ್ಮೆಲೇ ಸುರಿದರೆ ಹಣ್ಣು ಬಿರಿಯುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲಿಲ್ಲದಿದ್ದರೆ ನಿರೀಕ್ಷಿಸಿದ ಕಪ್ಪು ಬರಲಾರದು. ನಾಟಿಯಾಗಿ 75–80 ದಿನಗಳಿಗೆ ಮೊದಲ ಹಣ್ಣು.

ಇನ್ನು ಔಷಧದ ಮಾತು. ಆಯುರ್ವೇದದಲ್ಲಿ ಮಧುಮೇಹಕ್ಕೆ ನೇರಳೆ ಬೀಜದ ಚೂರ್ಣವನ್ನು ಬಳಸುವುದುಂಟು. ಕಪ್ಪು ಬಣ್ಣ ಕಂಡು ಆ ಗುಣವನ್ನು ಟೊಮೆಟೊಗೆ ಆರೋಪಿಸುವುದು ಸರಿಯಲ್ಲ. ಹೊರನಾಡಿನಿಂದ ಬಂದ ಟೊಮೆಟೊ ಚರಕ, ಸುಶ್ರುತರ ಸಂಹಿತೆಗಳಲ್ಲಿ ಇರುವುದೂ ಇಲ್ಲ. ಈ ತಳಿಯ ವರ್ಣದ್ರವ್ಯ ಸಿಪ್ಪೆಯಲ್ಲಷ್ಟೇ ಇದೆ, ಒಳತಿರುಳು ಸಾಮಾನ್ಯ ಟೊಮೆಟೊದಂತೆ ಕೆಂಪು. ಆದುದರಿಂದ ಸಿಪ್ಪೆ ತೆಗೆಯದೆ ಕೋಸಂಬರಿಗೆ ಹಾಕಿಕೊಳ್ಳಿರಿ, ಆಹಾರವಾಗಿ ಒಳ್ಳೆಯದೇ. ಗುಳಿಗೆಗೆ ಬದಲಿ ಮಾತ್ರ ಅಲ್ಲ. ಆಮ್ಲಪಿತ್ತದವರು ಮಿತದಲ್ಲಿ ತಿನ್ನಬೇಕು. ಮೂತ್ರಪಿಂಡದ ತೊಂದರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿರುವವರು ವೈದ್ಯರನ್ನು ಕೇಳದೆ ಯಾವ ಬಣ್ಣದ ಟೊಮೆಟೊವನ್ನೂ ಹೆಚ್ಚು ತಿನ್ನಬಾರದು.

ಇದು ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಉಳಿಸಿಕೊಳ್ಳಬಹುದು. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ಲೋಳೆಸಹಿತ ಎರಡು–ಮೂರು ದಿನ ಬಟ್ಟಲಲ್ಲಿ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ ಶೀಶೆಯಲ್ಲಿಡಿರಿ. ಆ ಹಿರಿಯರು ಅಂದೇ ಗುಳಿಗೆ ಮರಳಿ ಆರಂಭಿಸಿದರು. ತಿಂಗಳ ನಂತರ ಅವರು ತಂದುಕೊಟ್ಟ ಹಣ್ಣುಗಳ ತಳ ಕೆಂಪಾಗಿತ್ತು. ಅವುಗಳ ಬೀಜವನ್ನೇ ಈ ಬಾರಿ ನಮ್ಮ ಮನೆಯಲ್ಲಿ ಬಿತ್ತಲು ತೆಗೆದಿಟ್ಟಿದ್ದೇನೆ.